ಮಂಟಪದ ಬೆಳಕಿನಲ್ಲಿ ಪ್ರಿಸೆಟ್ ಬೇರೆ, ಎಫೆಕ್ಟ್ ಬೇರೆ: ಮಡಿಕೇರಿ ದಸರೆಯ ಒಂದು ಪ್ರಕರಣ

ಮಡಿಕೇರಿಯ ದಶಮಂಟಪ ನೋಡದವರಿಗೆ ಮೊದಲು ಎರಡು ಮಾತು. ವಿಜಯದಶಮಿಯ ರಾತ್ರಿ ಊರಿನ ಹತ್ತು ದೇವಸ್ಥಾನಗಳಿಂದ ಹತ್ತು ಮಂಟಪಗಳು ಹೊರಡುತ್ತವೆ. ಟ್ರ್ಯಾಕ್ಟರ್ ಎಳೆಯುವ ಟ್ರಾಲಿಯ ಮೇಲೆ ಒಂದು ಪುರಾಣದ ಕಥೆಯನ್ನು ಕಟ್ಟಿರುತ್ತಾರೆ. ಮೂರ್ತಿಗಳು ಕೈ ಎತ್ತುತ್ತವೆ, ತಲೆ ತಿರುಗಿಸುತ್ತವೆ, ಅಸುರ ನೆಲಕ್ಕೆ ಬೀಳುತ್ತಾನೆ. ಜೊತೆಗೆ ರೆಕಾರ್ಡ್ ಮಾಡಿದ ಸಂಭಾಷಣೆ, ಹೊಗೆ, ದೊಡ್ಡ ಬಲ್ಬ್ ಬೋರ್ಡು, ತಲೆ ತಿರುಗಿಸುವ ಮೂವಿಂಗ್ ಹೆಡ್ ಲೈಟು. ಮಂಟಪ ಸಾಗುತ್ತದೆ, ನಿಲ್ಲುತ್ತದೆ, ಕಥೆ ತೋರಿಸುತ್ತದೆ, ಮತ್ತೆ ಸಾಗುತ್ತದೆ. ಬೆಳಗಿನ ಜಾವದವರೆಗೂ ಇದೇ. ತೀರ್ಪುಗಾರರು ಬರುತ್ತಾರೆ, ಬಹುಮಾನ ಇರುತ್ತದೆ. ಸಮಿತಿಗಳ ನಡುವೆ ಪೈಪೋಟಿ ಜೋರಾಗಿಯೇ ಇರುತ್ತದೆ.

ಅಂಥ ಒಂದು ಮಂಟಪದ ಬೆಳಕಿನ ಪ್ರೋಗ್ರಾಮನ್ನು ಬಿಚ್ಚಿ ಮತ್ತೆ ಕಟ್ಟಿದ ವಿವರ ಇದು. ಪ್ರಿಸೆಟ್ ಅಂದರೆ ಮೊದಲೇ ಬರೆದಿಟ್ಟ ಬಣ್ಣ ಅಥವಾ ಗುರಿ, ಎಫೆಕ್ಟ್ ಅಂದರೆ ಅದರ ಮೇಲೆ ಓಡುವ ಚಲನೆ. ಸಮಿತಿಯ ಹೆಸರು ಇಲ್ಲಿ ಬೇಡ. ಕಥೆ ಮಹಿಷಮರ್ದಿನಿಯದು. ಲೈಟು ನಡೆಸುವ ಸಾಫ್ಟ್‌ವೇರ್ ಕ್ಯೂಎಲ್‌ಸಿ ಪ್ಲಸ್. ಅದು ಉಚಿತ, ಓಪನ್ ಸೋರ್ಸ್. ಲ್ಯಾಪ್‌ಟಾಪಿಗೆ ಒಂದು ಯುಎಸ್‌ಬಿ ಡಿಎಂಎಕ್ಸ್ ಡಬ್ಬಿ (ಡಿಎಂಎಕ್ಸ್ ಅಂದರೆ ಲೈಟುಗಳಿಗೆ ತಂತಿಯಲ್ಲಿ ಆಜ್ಞೆ ಕಳಿಸುವ ಪದ್ಧತಿ) ಸಿಕ್ಕಿಸಿದರೆ ಕೆಲಸ ಶುರು. ಲೈಟು ನಡೆಸುವ ದೊಡ್ಡ ಕನ್ಸೋಲನ್ನು ಬಾಡಿಗೆಗೆ ತರಲು ದುಡ್ಡಿಲ್ಲದ ಕಡೆ ಇದು ಚೆನ್ನಾಗಿ ಹೊಂದುತ್ತದೆ.

ಇದ್ದ ಸಾಮಾನು ಇಷ್ಟು. ಚಾನೆಲ್ ಅಂದರೆ ಲೈಟಿನ ಒಂದೊಂದು ಗುಣಕ್ಕೆ (ಬೆಳಕು, ಬಣ್ಣ, ತಿರುವು) ಆಜ್ಞೆ ಹೋಗುವ ಒಂದೊಂದು ದಾರಿ. ಎಲ್‌ಇಡಿ ಪಾರ್ (ಬಣ್ಣ ಚೆಲ್ಲುವ, ತಿರುಗದ ಲೈಟು) 24, ತಲಾ 8 ಚಾನೆಲ್. ಮೂವಿಂಗ್ ಹೆಡ್ 8, ತಲಾ 16 ಚಾನೆಲ್. ಬ್ಲೈಂಡರ್ (ಜನರ ಕಡೆ ಹೊಡೆಯುವ ಪ್ರಖರ ಲೈಟು) 4, ತಲಾ 2 ಚಾನೆಲ್. ಹೊಗೆ ಮೆಷಿನ್ 2, ತಲಾ ಒಂದೇ ಚಾನೆಲ್. ಒಟ್ಟು 330. ಡಿಎಂಎಕ್ಸ್‌ನ ಒಂದು ಯೂನಿವರ್ಸಿನಲ್ಲಿ (ಚಾನೆಲ್‌ಗಳ ಒಂದು ಕಟ್ಟು) 512 ಚಾನೆಲ್ ಇರುವುದರಿಂದ ಎಲ್ಲವೂ ಒಂದರಲ್ಲೇ ಹಿಡಿಸಿತು. ಆದರೆ ಒಂದು ಲೈನಿಗೆ 32 ಉಪಕರಣ ಎಂಬ ಮಿತಿಯೂ ಇದೆ, ಇಲ್ಲಿ ಇದ್ದದ್ದು 38. ಅದಕ್ಕೆ ಲೈನನ್ನು ಕವಲು ಮಾಡುವ ಸ್ಪ್ಲಿಟರ್ ಹಾಕಿದ್ದರು. ಪ್ರತಿ ಕವಲಿನ ತುದಿಗೆ 120 ಓಮ್ ಟರ್ಮಿನೇಟರ್ ಕೂಡ ಇತ್ತು. ವೈರಿಂಗ್ ಮಾಡಿದವರಿಗೆ ಕೆಲಸ ಗೊತ್ತಿತ್ತು. ತೊಂದರೆ ಇದ್ದದ್ದು ಲ್ಯಾಪ್‌ಟಾಪಿನ ಒಳಗೆ.

ಇನ್ನೊಂದು ವಿಷಯ ಈಗಲೇ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಎಂಟು ಮೂವಿಂಗ್ ಹೆಡ್‌ಗಳಲ್ಲಿ ನಾಲ್ಕು ಮಂಟಪದ ಟ್ರಾಲಿಯ ಮೇಲೇ ಇದ್ದವು. ಉಳಿದ ನಾಲ್ಕು ಬೇರೊಂದು ಟ್ರಾಲಿಯ ಮೇಲೆ, ಮಂಟಪದ ಎದುರಿಗೆ. ದೇವಿಯ ಮುಖಕ್ಕೆ ಬೆಳಕು ಎದುರಿನಿಂದಲೇ ಬೀಳಬೇಕು ತಾನೆ. ಮಡಿಕೇರಿಯಲ್ಲಿ ಸಮತಟ್ಟಾದ ರಸ್ತೆ ಎಲ್ಲಿದೆ? ಒಂದು ಕಡೆ ಇಳಿಜಾರು, ಒಂದು ಕಡೆ ಏರು, ಮತ್ತೊಂದು ಕಡೆ ತಿರುವು. ಹೀಗಾಗಿ ನಿಂತ ಪ್ರತಿ ಜಾಗದಲ್ಲೂ ಈ ಎರಡು ಟ್ರಾಲಿಗಳ ನಡುವಿನ ದೂರ ಬೇರೆ, ಕೋನ ಬೇರೆ.

ಏನು ಕಾಣುತ್ತಿತ್ತು

ರಿಹರ್ಸಲ್ ಶೆಡ್ಡಿನಲ್ಲಿ ನಡೆಯುತ್ತಿತ್ತು. ಆಪರೇಟರ್ ಹುಡುಗ ಚುರುಕು. ಪರದೆಯ ಮೇಲೆ ಬಟನ್‌ಗಳ ದೊಡ್ಡ ಗೋಡೆಯನ್ನೇ ಕಟ್ಟಿಟ್ಟಿದ್ದ. ಕಥೆಯ ಹದಿನಾಲ್ಕು ಘಟ್ಟಗಳಿಗೆ ಹದಿನಾಲ್ಕು ಬಟನ್, ಅದರ ಸುತ್ತ ಎಫೆಕ್ಟ್‌ಗಳಿಗೆ ಇನ್ನಷ್ಟು. "ಅಣ್ಣ, ಬಟನ್ ಜಾಸ್ತಿ ಇದ್ದಷ್ಟೂ ಕಂಟ್ರೋಲ್ ಜಾಸ್ತಿ ಅಲ್ವಾ?" ಅಂದ. ಒಂದೊಂದೇ ಬಟನ್ ಒತ್ತಿದರೆ ಎಲ್ಲವೂ ಚೆನ್ನಾಗಿಯೇ ಇತ್ತು. ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿದಾಗ ಮಾತ್ರ ಗೋಜಲು.

ಮಹಿಷ ಬೀಳುವ ಹೊತ್ತಿಗೆ ಇಡೀ ಮಂಟಪ ಕೆಂಪಾಗಬೇಕು. ಬಂದದ್ದು ಗುಲಾಬಿ. ಸಮಿತಿಯ ಹಿರಿಯರೊಬ್ಬರು ಕುರ್ಚಿಯಲ್ಲಿ ಕೂತಲ್ಲಿಂದಲೇ ಕೂಗಿದರು: "ಇದೆಂಥದು ಮಾರಾಯ್ರೆ, ರಕ್ತವಾ ರೋಸ್ ಮಿಲ್ಕಾ?"

ದೇವರುಗಳ ತೇಜಸ್ಸು ಒಂದೊಂದಾಗಿ ಬಂದು ದೇವಿಯಾಗುವ ಘಟ್ಟದಲ್ಲಿ ಪಾರ್ ಲೈಟುಗಳು ಒಂದರ ಹಿಂದೆ ಒಂದು ಹತ್ತಿ ಓಡಬೇಕಿತ್ತು. ಚೇಸರ್ (ಹೀಗೆ ಒಂದಾದ ಮೇಲೊಂದು ಹೆಜ್ಜೆ ಓಡಿಸುವ ಫಂಕ್ಷನ್) ಓಡುತ್ತಿದೆ ಅಂತ ಸಾಫ್ಟ್‌ವೇರ್ ತೋರಿಸುತ್ತಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ತ್ರಿಶೂಲದ ಮೇಲೆ ಹೋಗಿ ನಿಲ್ಲಬೇಕಾದ ಮೂವಿಂಗ್ ಹೆಡ್‌ಗಳು ಶೆಡ್ಡಿನ ಮಾಡಿನಲ್ಲಿ ದೊಡ್ಡ ವೃತ್ತ ಸುತ್ತುತ್ತಲೇ ಇದ್ದವು. ಯುದ್ಧದ ದೃಶ್ಯದ ಸ್ಟ್ರೋಬ್, ಯುದ್ಧ ಮುಗಿದು ಮಂಗಳಾರತಿ ಬಂದರೂ ಮಿಟುಕುತ್ತಿತ್ತು.

ಸಮಿತಿಯವರಿಗೆ ಡಿಎಂಎಕ್ಸ್ ಡಬ್ಬಿಯ ಮೇಲೆ ಅನುಮಾನ. ಹೊಸದು ತರಿಸೋಣ ಅಂತ ಮಾತು ನಡೆದಿತ್ತು. ಡಬ್ಬಿಯದು ಏನೂ ತಪ್ಪಿರಲಿಲ್ಲ. ನಾಲ್ಕೂ ತೊಂದರೆಗಳು ಸಾಫ್ಟ್‌ವೇರ್ ತನ್ನ ನಿಯಮದಂತೆ ಸರಿಯಾಗಿ ಕೆಲಸ ಮಾಡಿದ್ದರಿಂದಲೇ ಬಂದವು.

ಎರಡು ನಿಯಮ

ಒಂದೇ ಚಾನೆಲ್‌ಗೆ ಎರಡು ಕಡೆಯಿಂದ ಬೇರೆ ಬೇರೆ ಬೆಲೆ (0ಯಿಂದ 255ರವರೆಗಿನ ಅಂಕಿ) ಬಂದರೆ ಯಾವುದನ್ನು ಕಳಿಸಬೇಕು? ಬೆಳಕಿನ ಕನ್ಸೋಲ್‌ಗಳಲ್ಲಿ ಇದಕ್ಕೆ ಎರಡು ಉತ್ತರ ಇದೆ. ಒಂದು ಎಚ್‌ಟಿಪಿ: ಯಾವುದು ಜಾಸ್ತಿಯೋ ಅದು ಗೆಲ್ಲುತ್ತದೆ. ಇನ್ನೊಂದು ಎಲ್‌ಟಿಪಿ: ಯಾವುದು ಕೊನೆಗೆ ಬಂತೋ ಅದು ಗೆಲ್ಲುತ್ತದೆ. ಸಾಮಾನ್ಯವಾಗಿ ಬೆಳಕು ಏರಿಸಿ ಇಳಿಸುವ ಡಿಮ್ಮರ್‌ಗೆ ಮೊದಲನೆಯದು. ಪ್ಯಾನ್ (ಅಡ್ಡ ತಿರುವು), ಟಿಲ್ಟ್ (ಮೇಲೆ ಕೆಳಗೆ ಬಾಗುವುದು), ಗೋಬೋ (ಬೆಳಕಿಗೆ ಚಿತ್ತಾರ ಕೊಡುವ ತಗಡು), ಶಟರ್ (ಬೆಳಕನ್ನು ಮುಚ್ಚಿ ತೆರೆಯುವ ಭಾಗ, ಸ್ಟ್ರೋಬ್ ಆಗುವುದೂ ಇದರಿಂದಲೇ) ಇವಕ್ಕೆಲ್ಲ ಎರಡನೆಯದು.

ಕ್ಯೂಎಲ್‌ಸಿ ಪ್ಲಸ್‌ನಲ್ಲಿ ಒಂದು ವಿಶೇಷ ಇದೆ. ಅದು ಎಲ್‌ಇಡಿ ಲೈಟಿನ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನೂ ಇಂಟೆನ್ಸಿಟಿ (ಬೆಳಕಿನ ಪ್ರಮಾಣ) ಗುಂಪಿಗೇ ಸೇರಿಸುತ್ತದೆ. ಅಂದರೆ ಬಣ್ಣಕ್ಕೂ ಎಚ್‌ಟಿಪಿ. ರೋಸ್ ಮಿಲ್ಕ್ ಹುಟ್ಟಿದ್ದು ಇಲ್ಲೇ. ಹಿಂದಿನ ದೃಶ್ಯದ ರಾತ್ರಿಯ ನೀಲಿ ಬಟನ್ ಆನ್ ಆಗಿಯೇ ಇತ್ತು. ಅದರ ಮೇಲೆ ಕೆಂಪು ಒತ್ತಿದಾಗ ಕೆಂಪು ಚಾನೆಲ್ 255ಕ್ಕೆ ಏರಿತು, ನೀಲಿ ಇದ್ದಲ್ಲೇ ಉಳಿಯಿತು. ಕೆಂಪು ಸೀನಿನಲ್ಲಿ (ಸೀನ್ ಅಂದರೆ ಚಾನೆಲ್‌ಗಳ ಬೆಲೆ ಬರೆದಿಟ್ಟ ಒಂದು ಪಟ್ಟಿ) ನೀಲಿ ಸೊನ್ನೆ ಅಂತ ಬರೆದಿತ್ತು ನಿಜ. ಆದರೆ ಎಚ್‌ಟಿಪಿಯಲ್ಲಿ ಸೊನ್ನೆ ಯಾವತ್ತೂ ಗೆಲ್ಲುವುದಿಲ್ಲ.

ಕಾಣದ ಚೇಸರಿನ ಕಾರಣವೂ ಇದೇ. ಕೆಳಗಿನ ಸೀನಿನಲ್ಲಿ 24 ಪಾರ್‌ಗಳ ಡಿಮ್ಮರ್ ಪೂರ್ತಿ 255ರಲ್ಲಿ ನಿಂತಿತ್ತು. ಅದರ ಮೇಲೆ ಚೇಸರ್ 0ಯಿಂದ 255ಕ್ಕೆ ಏರಿ ಇಳಿದರೂ ಹೊರಗೆ ಹೋಗುವ ಬೆಲೆ 255 ಮಾತ್ರ. ಎಫೆಕ್ಟ್ ಸತ್ತಿರಲಿಲ್ಲ, ಅಡಿಯಲ್ಲಿ ಮುಳುಗಿತ್ತು. ಈ ಕೆಲಸಕ್ಕೆ ಹೊಸದಾಗಿ ಬಂದವರು ಇಂಥಲ್ಲಿ ಚೇಸರಿನ ವೇಗ ಜಾಸ್ತಿ ಮಾಡಿ, ಕಡಿಮೆ ಮಾಡಿ, ಹೊಸ ಚೇಸರ್ ಮಾಡಿ ರಾತ್ರಿ ಕಳೆಯುತ್ತಾರೆ. ಒಮ್ಮೆ ಡಿಎಂಎಕ್ಸ್ ಮಾನಿಟರ್ ತೆರೆದು ಹೊರಗೆ ಹೋಗುತ್ತಿರುವ ಬೆಲೆ ನೋಡಿದರೆ ಅರ್ಧ ನಿಮಿಷದ ಕೆಲಸ.

ಸ್ಟ್ರೋಬ್ ಸೋರಿದ್ದು ಎಲ್‌ಟಿಪಿಯಿಂದ. ಇಂಥ ಚಾನೆಲ್‌ಗೆ ಬೆಲೆ ಕೊಟ್ಟ ಸೀನ್ ನಿಂತ ಮೇಲೂ ಆ ಬೆಲೆ ಅಲ್ಲೇ ಉಳಿಯುತ್ತದೆ, ಬೇರೆ ಯಾರಾದರೂ ಹೊಸದು ಬರೆಯುವವರೆಗೆ. ಮಂಗಳಾರತಿಯ ಸೀನಿನಲ್ಲಿ ಶಟರ್ ಚಾನೆಲ್ ಟಿಕ್ ಆಗಿರಲಿಲ್ಲ. ಬರೆಯುವವರೇ ಇಲ್ಲದ ಮೇಲೆ ಯುದ್ಧದ ಬೆಲೆಯೇ ಮುಂದುವರಿಯಿತು.

ವೃತ್ತ ಸುತ್ತಿದ್ದಕ್ಕೆ ಕಾರಣ ಇಎಫ್‌ಎಕ್ಸ್. ಪ್ಯಾನ್ ಟಿಲ್ಟ್‌ಗಳನ್ನು ವೃತ್ತ, ಎಂಟರ ಆಕಾರ, ಗೆರೆ ಹೀಗೆ ಓಡಿಸುವ ಫಂಕ್ಷನ್ ಅದು. ಹುಡುಗ ಅದನ್ನು ಅದರ ಸ್ವಂತ ಜಾಗದಲ್ಲೇ ಸುತ್ತಲು ಬಿಟ್ಟಿದ್ದ. ತ್ರಿಶೂಲದ ಸೀನ್ ಒಂದು ಜಾಗ ಹೇಳುತ್ತಿತ್ತು, ಇನ್ನೂ ನಿಲ್ಲದ ಇಎಫ್‌ಎಕ್ಸ್ ಬೇರೆ ಜಾಗ ಹೇಳುತ್ತಲೇ ಇತ್ತು.

ಇಷ್ಟನ್ನೂ ನೋಡಿದ ಮೇಲೆ ಹುಡುಗನ ಮೊದಲ ಆಲೋಚನೆ, ಪ್ರತಿ ಸೀನಿನಲ್ಲೂ 330 ಚಾನೆಲ್‌ಗಳನ್ನೂ ಟಿಕ್ ಮಾಡಿ ಎಲ್ಲ ಬೆಲೆ ಬರೆದುಬಿಡೋಣ ಅನ್ನುವುದು. ಸ್ಟ್ರೋಬ್ ಸಮಸ್ಯೆಗೆ ಅದು ಉತ್ತರವೂ ಹೌದು. ಆದರೆ ಇಳಿಜಾರಿನಲ್ಲಿ ಮಂಟಪ ನಿಂತು ಎದುರಿನ ನಾಲ್ಕು ಹೆಡ್‌ಗಳ ಗುರಿ ತಪ್ಪಿದಾಗ ಏನು ಮಾಡುವುದು? ಹದಿನಾಲ್ಕು ಸೀನ್, ನಾಲ್ಕು ಹೆಡ್. 56 ಸಲ ಗುರಿ ಹಿಡಿಯಬೇಕು. ಮುಂದಿನ ನಿಲುಗಡೆಯಲ್ಲಿ ಮತ್ತೆ 56. ಆಗುವ ಮಾತಲ್ಲ.

ಮತ್ತೆ ಕಟ್ಟಿದ ಬಗೆ

ದೊಡ್ಡ ಸೀನ್‌ಗಳನ್ನು ಬಳಸುವುದು ಬಿಟ್ಟು ಚಿಕ್ಕವನ್ನು ಹೊಸದಾಗಿ ಮಾಡಿದೆವು. ಒಂದು ಸೀನಿನಲ್ಲಿ ಒಂದೇ ಜಾತಿಯ ಚಾನೆಲ್. ಬಣ್ಣದ ಸೀನ್ ಅಂದರೆ ಬಣ್ಣ ಮಾತ್ರ, ಡಿಮ್ಮರ್ ಮುಟ್ಟುವಂತಿಲ್ಲ. ಜಾಗದ ಸೀನ್ ಅಂದರೆ ಪ್ಯಾನ್, ಟಿಲ್ಟ್ ಮತ್ತು ಅವುಗಳ ಫೈನ್ (ಸೂಕ್ಷ್ಮವಾಗಿ ಸರಿಸುವ) ಚಾನೆಲ್ ಮಾತ್ರ. ಡಿಮ್ಮರ್ ಸೀನ್ ಬೇರೆ. ಎಂಎ ಕನ್ಸೋಲಿನವರು ಇದನ್ನು ಪ್ರಿಸೆಟ್ ಅನ್ನುತ್ತಾರೆ, ಈಓಸ್ ಮತ್ತು ಅವೊಲೈಟ್ಸ್ ಬಳಸುವವರು ಪ್ಯಾಲೆಟ್ ಅನ್ನುತ್ತಾರೆ. ಇಲ್ಲಿ ಪುಟ್ಟ ಸೀನ್‌ಗಳೇ ಆ ಕೆಲಸ ಮಾಡಿದವು.

ಜಾಗದ ಪ್ರಿಸೆಟ್ ಐದೇ ಐದು: ದೇವಿಯ ಮುಖ, ತ್ರಿಶೂಲ, ಮಹಿಷ, ಜನ, ಆಕಾಶ. ಹುಡುಗನಿಗೆ ಕಡಿಮೆ ಅನ್ನಿಸಿತು. ಕಥೆಯ ಹದಿನಾಲ್ಕು ಘಟ್ಟಗಳನ್ನು ಕೂತು ನೋಡಿದೆವು. ಎಲ್ಲದರಲ್ಲೂ ಬೆಳಕು ಬೀಳುವುದು ಈ ಐದರಲ್ಲಿ ಒಂದರ ಮೇಲೆಯೇ. 'ಜನ' ಅನ್ನುವ ಜಾಗವನ್ನು ಮಾತ್ರ ತಲೆಯಿಂದ ಸಾಕಷ್ಟು ಮೇಲಕ್ಕೆ ಇಟ್ಟೆವು. ಟ್ರ್ಯಾಕ್ಟರ್ ಓಡಿಸುವವರ ಕಣ್ಣಿಗೆ ಬೀಮ್ ಹೊಡೆಯಬಾರದು. ಮಡಿಕೇರಿಯ ಮಂಜು ಇಳಿದ ರಾತ್ರಿ ಆ ಬೀಮ್ ಹೊಗೆ ಮೆಷಿನ್ ಇಲ್ಲದೆಯೇ ಕಂಬದ ಹಾಗೆ ಕಾಣುತ್ತದೆ, ಹಾಗಾಗಿ ಮೇಲಕ್ಕಿಟ್ಟರೂ ನಷ್ಟವಿಲ್ಲ.

ಫೈನ್ ಚಾನೆಲ್ ಬಗ್ಗೆ ಒಂದು ಮಾತು. ಚಾನೆಲ್ ಉಳಿಸಲು ಕೆಲವರು ಹೆಡ್‌ಗಳನ್ನು ಚಿಕ್ಕ ಮೋಡ್‌ಗೆ ಹಾಕುತ್ತಾರೆ. ಆಗ 540 ಡಿಗ್ರಿ ಪ್ಯಾನ್ ಬರೀ 256 ಮೆಟ್ಟಿಲಿನಲ್ಲಿ ಮುಗಿಯಬೇಕು, ಒಂದು ಮೆಟ್ಟಿಲು ಸುಮಾರು 2.1 ಡಿಗ್ರಿ. 30 ಮೀಟರ್ ದೂರದಲ್ಲಿ ಅದು ಒಂದು ಮೀಟರಿಗೂ ಜಾಸ್ತಿ ಜಿಗಿತ. ನಿಧಾನವಾಗಿ ಓಡುವ ಎಫೆಕ್ಟ್ ಕುಂಟುತ್ತದೆ. ಫೈನ್ ಚಾನೆಲ್ ಸೇರಿದರೆ 65,536 ಮೆಟ್ಟಿಲು. ಯೂನಿವರ್ಸಿನಲ್ಲಿ ಜಾಗ ಇದ್ದಾಗ ಉಳಿತಾಯ ಯಾಕೆ?

ಬಣ್ಣದ ಸೀನ್‌ಗಳ ಬಟನ್‌ಗಳನ್ನೆಲ್ಲ ವರ್ಚುವಲ್ ಕನ್ಸೋಲಿನಲ್ಲಿ (ಪರದೆಯ ಮೇಲಿನ ಬಟನ್ ಗೋಡೆ) ಒಂದು ಸೋಲೋ ಫ್ರೇಮ್‌ಗೆ ಹಾಕಿದೆವು. ಅದರೊಳಗೆ ಒಂದು ಬಟನ್ ಹತ್ತಿದರೆ ಇನ್ನೊಂದು ತಾನಾಗಿ ಆರುತ್ತದೆ. ನೀಲಿ ಹೋಯಿತು, ಕೆಂಪು ಕೆಂಪಾಯಿತು.

ಮತ್ತೆ ಎಫೆಕ್ಟ್‌ಗಳು. ಇಎಫ್‌ಎಕ್ಸ್‌ನಲ್ಲಿ ರಿಲೇಟಿವ್ ಅನ್ನುವ ಆಯ್ಕೆ ಇದೆ. ಅದನ್ನು ಟಿಕ್ ಮಾಡಿದರೆ ವೃತ್ತ ತನ್ನದೇ ಜಾಗದಲ್ಲಿ ಸುತ್ತುವುದಿಲ್ಲ. ಆ ಕ್ಷಣಕ್ಕೆ ಜಾಗದ ಸೀನ್ ಎಲ್ಲಿಗೆ ಗುರಿ ಇಟ್ಟಿದೆಯೋ ಅದರ ಸುತ್ತ ಸುತ್ತುತ್ತದೆ. ದೇವಿಯ ಮುಖದ ಪ್ರಿಸೆಟ್ ಹಾಕಿದರೆ ಮುಖದ ಸುತ್ತ ಪ್ರಭೆ. ಮಹಿಷನ ಪ್ರಿಸೆಟ್ ಹಾಕಿದರೆ ಅದೇ ವೃತ್ತ ಮಹಿಷನ ಸುತ್ತ. ಮೊದಲು ಇದ್ದ ಒಂಬತ್ತು ಇಎಫ್‌ಎಕ್ಸ್‌ಗಳು ಮೂರಕ್ಕೆ ಇಳಿದವು: ಚಿಕ್ಕ ವೃತ್ತ, ದೊಡ್ಡ ವೃತ್ತ, ಅಡ್ಡ ಗೆರೆ. ಎದುರಿನ ನಾಲ್ಕು ಹೆಡ್‌ಗಳಿಗೆ ಒಂದರಿಂದ ಮುಂದಿನದಕ್ಕೆ 90 ಡಿಗ್ರಿ ಅಂತರದ ಆಫ್‌ಸೆಟ್ ಕೊಟ್ಟೆವು. ಎಂಟೂ ಸೇರಿ ಓಡುವಲ್ಲಿ 45. ಹೀಗೆ ಹಂಚಿದರೆ ಒಂದು ಬೀಮ್ ಮೇಲಿದ್ದಾಗ ಇನ್ನೊಂದು ಕೆಳಗಿರುತ್ತದೆ, ಅಲೆ ಬರುತ್ತದೆ. ಆಫ್‌ಸೆಟ್ ಸೊನ್ನೆ ಇದ್ದರೆ ಎಲ್ಲ ಒಟ್ಟಿಗೆ ಕವಾಯತು ಮಾಡುತ್ತವೆ. ಅದಕ್ಕೂ ಯುದ್ಧದ ದೃಶ್ಯದಲ್ಲಿ ಒಂದು ಕಡೆ ಜಾಗ ಸಿಕ್ಕಿತು.

ಪಾರ್‌ಗಳ ಚೇಸರಿಗೆ ಬೇರೆ ದಾರಿ ಹಿಡಿದೆವು. ಒಂದರ ಮೇಲೊಂದು ಪದರ ಹೇರಿ ಗಣಿತ ಮಾಡುವ ಬದಲು ಲೈಟುಗಳನ್ನೇ ಪಾಲು ಮಾಡಿದೆವು. 16 ಪಾರ್ ತಳದ ಬಣ್ಣಕ್ಕೆ, 8 ಪಾರ್ ಎಫೆಕ್ಟ್‌ಗೆ. ಎಫೆಕ್ಟಿನ ಎಂಟರ ತಳ ಬೆಳಕು 40 ಪರ್ಸೆಂಟ್, ಅಂದರೆ 102. ಚೇಸರ್ ಅಲ್ಲಿಂದ 255ಕ್ಕೆ ಏರುವುದು ಈಗ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ಬಣ್ಣಕ್ಕೆ ಎಚ್‌ಟಿಪಿ ಇರುವಾಗ ಇದು ಸುರಕ್ಷಿತ ಕೂಡ. ಕೇಸರಿ ತಳದ ಮೇಲೆ ನೀಲಿ ಚೇಸರ್ ಓಡಿಸಿದರೆ ಬರುವುದು ನೀಲಿಯಲ್ಲ, ಮಾಸಿದ ಗುಲಾಬಿ. ಆರ್‌ಜಿಬಿ ಮ್ಯಾಟ್ರಿಕ್ಸ್‌ನಲ್ಲಿ (ಹಲವು ಲೈಟುಗಳ ಮೇಲೆ ಬಣ್ಣದ ವಿನ್ಯಾಸ ಓಡಿಸುವ ಫಂಕ್ಷನ್) ಬ್ಲೆಂಡ್ ಮೋಡ್‌ಗಳಿವೆ, ಅದರಲ್ಲಿ ಬೇರೆ ರೀತಿಯಲ್ಲಿ ಬೆರೆಸಬಹುದು. ಆದರೆ ರಾತ್ರಿ ಎರಡು ಗಂಟೆಗೆ, ಡಿಜೆ ಸದ್ದಿನ ನಡುವೆ, ಏನಾದರೂ ಕೆಟ್ಟರೆ ಹುಡುಗನಿಗೆ ತಟ್ಟನೆ ಅರ್ಥ ಆಗಬೇಕು. ಅಂಥಲ್ಲಿ ನನ್ನ ಮತ ಯಾವಾಗಲೂ ಸರಳ ದಾರಿಗೇ.

ಆಮೇಲೆ ಹೋಮ್ ಸೀನ್. ಶಟರ್ ತೆರೆದಿದೆ, ಗೋಬೋ ಇಲ್ಲ, ಪ್ರಿಸಂ (ಬೀಮನ್ನು ಹಲವಾಗಿ ಒಡೆಯುವ ಗಾಜು) ಹೊರಗೆ, ಫೋಕಸ್ ಇಂತಿಷ್ಟು. ಎಂಟು ಹೆಡ್‌ಗಳಿಗೂ ಇಷ್ಟೇ. ಸ್ಟ್ರೋಬ್ ಬೇಕಾದ ಒಂದೇ ಘಟ್ಟ ಬಿಟ್ಟು ಉಳಿದೆಲ್ಲದರಲ್ಲೂ ಈ ಸೀನ್ ಸೇರಿರುತ್ತದೆ. ಸೋರಿಕೆ ನಿಂತಿತು. ಸ್ಟ್ರೋಬನ್ನೂ ನಿಧಾನ ಮಾಡಿದೆವು. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿಂಚಿದರೆ ಕೆಲವರಿಗೆ ಫಿಟ್ಸ್ ಬರುವ ಅಪಾಯ ಇದೆ. ಮಂಟಪದ ಎದುರು ಅಪ್ಪಂದಿರ ಹೆಗಲ ಮೇಲೆ ಮಕ್ಕಳೇ ಜಾಸ್ತಿ.

ಕೊನೆಗೆ ಜೋಡಣೆ. ಪ್ರತಿ ಘಟ್ಟಕ್ಕೂ ಒಂದು ಕಲೆಕ್ಷನ್: ಹೋಮ್, ಒಂದು ಬಣ್ಣ, ಒಂದು ಜಾಗ, ಒಂದು ಡಿಮ್ಮರ್, ಬೇಕಿದ್ದರೆ ಒಂದು ಎಫೆಕ್ಟ್. ಹದಿನಾಲ್ಕು ಕಲೆಕ್ಷನ್‌ಗಳನ್ನು ಒಂದು ಚೇಸರಿನ ಹದಿನಾಲ್ಕು ಹೆಜ್ಜೆಗಳಾಗಿ ಇಟ್ಟು, ಪ್ರತಿ ಹೆಜ್ಜೆಯ ಹೋಲ್ಡ್ (ನಿಲ್ಲುವ ಹೊತ್ತು) ಅನಂತ ಮಾಡಿ, ಒತ್ತಿದಾಗ ಮಾತ್ರ ಮುಂದೆ ಹೋಗುವ ಕ್ಯೂ ಲಿಸ್ಟಿಗೆ ಹಾಕಿದೆವು. ಈಗ ಹುಡುಗ ಒತ್ತಬೇಕಾದ್ದು ಒಂದೇ ಬಟನ್: ಮುಂದೆ. ಮುಂದಿನ ಹೆಜ್ಜೆಗೆ ಹೋದಾಗ ಹಿಂದಿನ ಕಲೆಕ್ಷನ್ ನಿಲ್ಲುತ್ತದೆ, ಅದರ ಜೊತೆ ಅದರ ಎಫೆಕ್ಟ್‌ಗಳೂ ನಿಲ್ಲುತ್ತವೆ. ಮರೆತು ಉಳಿದ ಬಟನ್ ಅನ್ನುವ ಮಾತೇ ಇಲ್ಲ.

ಧ್ವನಿಯ ಟ್ರ್ಯಾಕಿಗೇ ಬೆಳಕನ್ನು ಕಟ್ಟಿಬಿಡಬಹುದಲ್ಲ ಅಂತ ಸಮಿತಿಯವರು ಕೇಳಿದರು. ಈ ಸಾಫ್ಟ್‌ವೇರಿನ ಶೋ ಮ್ಯಾನೇಜರಿನಲ್ಲಿ ಅದು ಸಾಧ್ಯ. ನಾನೇ ಬೇಡ ಅಂದೆ. ಮೂರ್ತಿಗಳನ್ನು ಎತ್ತುವ ಇಳಿಸುವ ಕೆಲಸ ಮೋಟರಿನದು, ಮೋಟರಿನವರು ಮನುಷ್ಯರು. ಮಹಿಷ ಎರಡು ಸೆಕೆಂಡ್ ತಡವಾಗಿ ಬಿದ್ದರೆ ಬೆಳಕೂ ಎರಡು ಸೆಕೆಂಡ್ ಕಾಯಬೇಕು. ಕಾಯಲು ಬೆರಳೇ ಬೇಕು.

ರಸ್ತೆಯ ಮೇಲೆ

ಕಲೆಕ್ಷನ್ ಒಳಗೆ ಇರುವುದು ಸೀನಿನ ನಕಲಲ್ಲ, ಅದೇ ಸೀನ್. ದೇವಿಯ ಮುಖದ ಸೀನನ್ನು ಒಂದು ಕಡೆ ತಿದ್ದಿದರೆ ಅದನ್ನು ಬಳಸುವ ಎಲ್ಲ ಘಟ್ಟಗಳೂ ತಿದ್ದಿದಂತೆ. ರಿಲೇಟಿವ್ ಎಫೆಕ್ಟ್‌ಗಳೂ ಹೊಸ ಜಾಗಕ್ಕೆ ತಾವಾಗಿ ಬರುತ್ತವೆ. ಮೊದಲಿನ 56 ಗುರಿಗಳ ಬದಲು ಐದು ಜಾಗ, ನಾಲ್ಕು ಹೆಡ್, 20. ಅದರಲ್ಲೂ ಜನ ಮತ್ತು ಆಕಾಶ ಸ್ವಲ್ಪ ಅತ್ತಿತ್ತ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಉಳಿದದ್ದು 12. ಮಂಟಪದ ಟ್ರಾಲಿಯ ಮೇಲೇ ಇರುವ ನಾಲ್ಕು ಹೆಡ್‌ಗಳನ್ನು ಮುಟ್ಟುವುದೇ ಬೇಡ, ಅವು ಮೂರ್ತಿಗಳ ಜೊತೆಗೇ ಸಾಗುತ್ತವೆ. ಆದ್ದರಿಂದ ಎದುರಿನ ನಾಲ್ಕಕ್ಕೆ ಜಾಗದ ಸೀನ್‌ಗಳನ್ನು ಪ್ರತ್ಯೇಕ ಮಾಡಿ ಹೆಸರಿನ ಮುಂದೆ 'ಎದುರು' ಅಂತ ಸೇರಿಸಿದೆವು. ಹುಡುಕುವಾಗ ಒಟ್ಟಿಗೆ ಸಿಗುತ್ತವೆ.

ಒಂದು ಅಡಚಣೆ ಇದೆ. ಕ್ಯೂಎಲ್‌ಸಿ ಪ್ಲಸ್‌ನ ನಾಲ್ಕನೇ ಆವೃತ್ತಿಯಲ್ಲಿ ಸೀನ್ ತಿದ್ದಲು ನಾವು ಆಪರೇಟ್ ಮೋಡಿನಿಂದ (ಶೋ ಓಡಿಸುವ ಸ್ಥಿತಿ) ಡಿಸೈನ್ ಮೋಡಿಗೆ (ಪ್ರೋಗ್ರಾಮ್ ಕಟ್ಟುವ ಸ್ಥಿತಿ) ಹೋಗುತ್ತಿದ್ದೆವು. ಹೋದರೆ ಓಡುತ್ತಿರುವ ಫಂಕ್ಷನ್‌ಗಳೆಲ್ಲ ನಿಲ್ಲುತ್ತವೆ. ಹಾಗಾಗಿ ಗುರಿ ಹಿಡಿಯುವ ಕೆಲಸ ಮಂಟಪ ನಿಂತ ಕೂಡಲೇ, ಕಥೆ ಶುರುವಾಗುವ ಮೊದಲೇ ಆಗಬೇಕು. ಆ ಹೊತ್ತಿನಲ್ಲಿ ಬಲ್ಬ್ ಬೋರ್ಡು ಬೆಳಗುತ್ತಿರುತ್ತದೆ, ಸಮಿತಿಯವರು ಜನರನ್ನು ಹಿಂದೆ ಸರಿಸುತ್ತಿರುತ್ತಾರೆ. ಹುಡುಗ ಶೆಡ್ಡಿನಲ್ಲಿ ಇದನ್ನೇ ಅಭ್ಯಾಸ ಮಾಡಿದ. ಸುಮ್ನೆ ಟ್ರಾಲಿಯನ್ನು ಓರೆಯಾಗಿ ನಿಲ್ಲಿಸಿ, ಕೆಡಿಸಿ, ಮತ್ತೆ ಹಿಡಿಯುವುದು. ಮೊದಮೊದಲು ತ್ರಿಶೂಲ ಹುಡುಕುವುದರಲ್ಲೇ ಸಮಯ ಹೋಗುತ್ತಿತ್ತು. ಡಿಮ್ಮರ್ ಕಡಿಮೆ ಇಟ್ಟು, ಒಂದೊಂದೇ ಹೆಡ್ ಹತ್ತಿಸಿಕೊಂಡು ಹೋಗುವ ರೂಢಿ ಮಾಡಿಕೊಂಡ ಮೇಲೆ ಕೈ ಓಡಿತು.

ಆ ರಾತ್ರಿ ಮೊದಲ ನಿಲುಗಡೆ ಸಲೀಸಾಗಿ ಹೋಯಿತು. ಎರಡನೆಯದು ಇಳಿಜಾರು, ಎದುರಿನ ಟ್ರಾಲಿ ತಗ್ಗಿನಲ್ಲಿ ನಿಂತಿತು. ದೇವಿಯ ಮುಖಕ್ಕೆ ಇಟ್ಟ ಬೆಳಕು ಸಿಂಹದ ಕಾಲಿಗೆ ಬೀಳುತ್ತಿತ್ತು. ಹನ್ನೆರಡು ಗುರಿಗಳನ್ನು ಹಿಡಿದು ಮುಗಿಸುವ ಹೊತ್ತಿಗೆ ಸರಿಯಾಗಿ ಧ್ವನಿ ಶುರುವಾಯಿತು.

ಒಂದು ಕಡೆ ಮಹಿಷನನ್ನು ಎತ್ತುವ ಮೋಟರ್ ಹತ್ತಿದಾಗ ಜನರೇಟರಿನ ವೋಲ್ಟೇಜ್ ಕುಸಿದು ಎರಡು ಹೆಡ್‌ಗಳು ರೀಸೆಟ್‌ಗೆ ಹೋದವು. ಹುಡುಗ ಗಾಬರಿಯಾಗಿ ಲ್ಯಾಪ್‌ಟಾಪ್ ಮುಟ್ಟಲು ಹೋದ. ಮುಟ್ಟುವುದು ಬೇಕಿರಲಿಲ್ಲ. ಡಿಎಂಎಕ್ಸ್ ಒಮ್ಮೆ ಹೇಳಿ ಸುಮ್ಮನಾಗುವುದಿಲ್ಲ, ಅದೇ ಬೆಲೆಗಳನ್ನು ಸೆಕೆಂಡಿಗೆ ಹತ್ತಾರು ಸಲ ಕಳಿಸುತ್ತಲೇ ಇರುತ್ತದೆ. ರೀಸೆಟ್ ಮುಗಿದ ಹೆಡ್ ತನ್ನ ಜಾಗಕ್ಕೆ ತಾನೇ ಬಂದು ನಿಂತಿತು. ಆದರೂ ಮುಂದಿನ ಸಲ ಮೋಟರಿಗೂ ಲೈಟಿಗೂ ಜನರೇಟರ್ ಬೇರೆ ಬೇರೆ ಇರಲಿ ಅಂತ ಹೇಳಿದ್ದೇನೆ.

ಉಳಿದದ್ದು ಬಲ್ಬ್ ಬೋರ್ಡು. ಅದಕ್ಕೆ ಅದರದೇ ಕಂಟ್ರೋಲರ್, ಡಿಎಂಎಕ್ಸ್‌ಗೆ ಸಂಬಂಧವೇ ಇಲ್ಲ. ಕಥೆಯಲ್ಲಿ ಕತ್ತಲೆ ಬೇಕಾದ ಎರಡು ಕಡೆ ಗ್ರ್ಯಾಂಡ್ ಮಾಸ್ಟರನ್ನು (ಎಲ್ಲ ಲೈಟುಗಳ ಬೆಳಕನ್ನು ಒಟ್ಟಿಗೆ ಇಳಿಸುವ ಸ್ಲೈಡರ್) ಸೊನ್ನೆಗೆ ಎಳೆದರೂ ಬೋರ್ಡು ಝಗಮಗ ಅನ್ನುತ್ತಲೇ ಇತ್ತು. ಒಬ್ಬರು ಸ್ವಿಚ್ ಹತ್ತಿರ ನಿಂತು ಕೈಸನ್ನೆಗೆ ಕಾಯಬೇಕಾಯಿತು, ಎರಡರಲ್ಲಿ ಒಂದು ಸಲ ಅವರಿಗೆ ಸನ್ನೆ ಕಾಣಲಿಲ್ಲ. ಡಿಎಂಎಕ್ಸ್ ರಿಲೇ ಪ್ಯಾಕ್ (ಡಿಎಂಎಕ್ಸ್ ಆಜ್ಞೆಗೆ ಹತ್ತಿ ಆರುವ ಸ್ವಿಚ್) ಒಂದನ್ನು ಇಟ್ಟು, ಅದರಿಂದ ಕಾಂಟ್ಯಾಕ್ಟರ್ (ದೊಡ್ಡ ಲೋಡಿನ ಸ್ವಿಚ್) ಓಡಿಸಿ ಬೋರ್ಡಿನ ಮೇನ್ ಆರಿಸುವ ಲೆಕ್ಕ ಬರೆದು ಕೊಟ್ಟಿದ್ದೇನೆ. ಅದಕ್ಕೆ ಒಂದೇ ಚಾನೆಲ್ ಸಾಕು, 331ನೆಯದು ಖಾಲಿ ಇದೆ. ಬೋರ್ಡಿನವರು ಒಪ್ಪಬೇಕಷ್ಟೆ.